ಡೇವಿಡ್ ಲೀನ್ ಚಿತ್ರಗಳನ್ನು ಯಾವ ಕೋಲಿನಿಂದ ಅಳೆಯುತ್ತಿದ್ದೇವೆ? – ಫಿಲ್ಮ್ ಸೊಸೈಟಿಗಳ ಆಯ್ಕೆ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕೆಲವು ತಿಂಗಳ ಹಿಂದೆ ನಮ್ಮ ಊರಿನ ಫಿಲ್ಮ್ ಸೊಸೈಟಿಯೊಂದು ಬ್ರಿಟಿಷ್ ನಿರ್ದೇಶಕ ಡೇವಿಡ್ ಲೀನ್ ಅವರ ಚಿತ್ರಗಳ ಪ್ರದರ್ಶನ ಏರ್ಪಡಿಸಿತ್ತು. ಅವರ ‘ಅತಿ ಶ್ರೇಷ್ಠ ನಾಲ್ಕು ಚಿತ್ರಗಳು’ ಎಂದು ಕರಪತ್ರದಲ್ಲಿ ಅಚ್ಚಾಗಿತ್ತು. ಆ ನಾಲ್ಕು ಯಾವುವೆಂದರೆ ‘ದಿ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್’, ‘ಲಾರೆನ್ಸ್ ಆಫ್ ಅರೇಬಿಯಾ’, ‘ಡಾಕ್ಟರ್ ಜಿವಾಗೊ’ ಮತ್ತು ‘ಎ ಪ್ಯಾಸೇಜ್ ಟು ಇಂಡಿಯಾ’. ಪ್ರತಿಯೊಂದು ಹೆಸರಿನ ಕೆಳಗೂ ಅದು ಗೆದ್ದ ಆಸ್ಕರ್‌ಗಳ ಸಂಖ್ಯೆಯನ್ನು ಕಾಣಿಸಿದ್ದರು. ‘ಬ್ರೀಫ್ ಎನ್‌ಕೌಂಟರ್’ ಏಕಿಲ್ಲ ಎಂದು ನಾನು ಕೇಳಿದಾಗ, ಅದು ಕಪ್ಪುಬಿಳುಪಿನ ಸಣ್ಣ ಚಿತ್ರ, ಜನ ಬರುವುದಿಲ್ಲ, ಹೇಗೂ ಅವರು ದೊಡ್ಡ ನಿರ್ದೇಶಕರಾದದ್ದು ಆಮೇಲೆ ತಾನೆ ಎಂಬ ಉತ್ತರ ಬಂತು. ಉತ್ತರ ಕೊಟ್ಟವರು ಸಿನಿಮಾವನ್ನು ನನ್ನಷ್ಟೇ ಪ್ರೀತಿಸುವವರು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಉತ್ತರದೊಳಗೆ ಒಂದು ತಪ್ಪು ಅಳತೆಗೋಲು ಅಡಗಿದೆ, ಮತ್ತು ಅದು ಒಂದು ಸೊಸೈಟಿಯದ್ದಲ್ಲ, ನಮ್ಮಲ್ಲಿ ಬಹುಮಂದಿಯದ್ದು. ಆದ್ದರಿಂದ ಈ ಪತ್ರವನ್ನು ಒಬ್ಬರಿಗೆ ಬರೆಯದೆ, ಚಿತ್ರಗಳನ್ನು ಆಯ್ಕೆ ಮಾಡುವ, ಪಟ್ಟಿ ಮಾಡುವ, ಮೇಲುಕೀಳು ಹೇಳುವ ಎಲ್ಲರಿಗೂ ಬರೆಯುತ್ತಿದ್ದೇನೆ.

ಪಟ್ಟಿ ಮಾಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಹದಿನಾರು ಚಿತ್ರಗಳನ್ನು ಮಾಡಿದ ಒಬ್ಬ ನಿರ್ದೇಶಕನ ಕೆಲಸದಿಂದ ನಾಲ್ಕನ್ನೋ ಐದನ್ನೋ ಆರಿಸಿ ತೋರಿಸಬೇಕಾದವರು ಯಾವುದು ಮುಂದೆ ಯಾವುದು ಹಿಂದೆ ಎಂದು ತೂಗಲೇಬೇಕು. ಆದರೆ ತೂಗುವ ಕಲ್ಲು ಯಾವುದೆಂಬುದನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. 1998ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ನೂರು ಶ್ರೇಷ್ಠ ಅಮೆರಿಕನ್ ಚಿತ್ರಗಳ ಪಟ್ಟಿ ಪ್ರಕಟಿಸಿದಾಗ ‘ಲಾರೆನ್ಸ್’ಗೆ ಐದನೆಯ, ‘ಕ್ವಾಯ್’ಗೆ ಹದಿಮೂರನೆಯ, ‘ಜಿವಾಗೊ’ಗೆ ಮೂವತ್ತೊಂಬತ್ತನೆಯ ಸ್ಥಾನ ಸಿಕ್ಕಿತು. ಮರುವರ್ಷವೇ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ನೂರು ಶ್ರೇಷ್ಠ ಬ್ರಿಟಿಷ್ ಚಿತ್ರಗಳ ಪಟ್ಟಿ ಪ್ರಕಟಿಸಿ ಅದೇ ಮೂರು ಚಿತ್ರಗಳನ್ನು ತನ್ನವೆಂದು ಸೇರಿಸಿಕೊಂಡಿತು. ಹಣ ಹಾಲಿವುಡ್ಡಿನದು, ನಿರ್ದೇಶಕ ಇಂಗ್ಲೆಂಡಿನವನು ಎಂಬ ಕಾರಣಕ್ಕೆ ಇಬ್ಬರೂ ಹಕ್ಕು ಸ್ಥಾಪಿಸಿದರು. ಅಮೆರಿಕದ ಸಂಸ್ಥೆ 2007ರಲ್ಲಿ ಪಟ್ಟಿಯನ್ನು ಪರಿಷ್ಕರಿಸಿದಾಗ ‘ಕ್ವಾಯ್’ ಮೂವತ್ತಾರಕ್ಕೆ ಇಳಿಯಿತು, ‘ಜಿವಾಗೊ’ ಪಟ್ಟಿಯಿಂದಲೇ ಹೊರಬಿತ್ತು. ಒಂಬತ್ತು ವರ್ಷಗಳಲ್ಲಿ ಆ ಚಿತ್ರಗಳ ಒಂದು ಫ್ರೇಮೂ ಬದಲಾಗಿರಲಿಲ್ಲ. ಇತ್ತ ಬ್ರಿಟಿಷ್ ಪಟ್ಟಿಯ ಮೊದಲ ಐದರಲ್ಲಿ ಲೀನ್ ಅವರ ಮೂರು ಚಿತ್ರಗಳಿದ್ದವು. ‘ಬ್ರೀಫ್ ಎನ್‌ಕೌಂಟರ್’ ಎರಡನೆಯದು, ‘ಲಾರೆನ್ಸ್’ ಮೂರನೆಯದು, ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಐದನೆಯದು. ನಮ್ಮ ಕರಪತ್ರದಲ್ಲಿ ಜಾಗವೇ ಸಿಗದ ‘ಸಣ್ಣ ಚಿತ್ರ’ ತನ್ನ ನಾಡಿನಲ್ಲಿ ‘ಲಾರೆನ್ಸ್’ಗಿಂತ ಒಂದು ಮೆಟ್ಟಿಲು ಮೇಲೆ ಕೂತಿತ್ತು. ಇದರಿಂದ ಯಾವ ಪಟ್ಟಿ ಸರಿ ಎಂಬುದು ತೀರ್ಮಾನವಾಗುವುದಿಲ್ಲ, ಸಂಖ್ಯೆಯ ಹಿಂದೆ ಒಂದು ವಾದ ಇರಬೇಕು ಎಂಬುದಷ್ಟೇ ಗೊತ್ತಾಗುತ್ತದೆ.

ಲೀನ್ ಅವರ ವಿಷಯದಲ್ಲಿ ಬಹುಕಾಲದಿಂದ ನಡೆದು ಬಂದಿರುವ ವಾದವೆಂದರೆ ಲೀನ್ ಒಬ್ಬರಲ್ಲ, ಇಬ್ಬರು ಎಂಬುದು. 1942ರಿಂದ 1955ರವರೆಗೆ ಸಣ್ಣ ಚಿತ್ರಗಳ ಲೀನ್ ಒಬ್ಬರು, 1957ರಿಂದ ಮುಂದೆ ಮಹಾಚಿತ್ರಗಳ ಲೀನ್ ಇನ್ನೊಬ್ಬರು. ಮಹಾಚಿತ್ರಗಳ ಅಭಿಮಾನಿಗಳು ಮೊದಲನೆಯವರನ್ನು ಅಭ್ಯಾಸದ ಕಾಲವೆಂದು ಬದಿಗಿಡುತ್ತಾರೆ. ವಿಮರ್ಶಕರಲ್ಲಿ ಅನೇಕರು ಎರಡನೆಯವರನ್ನು ಹಣ ಮತ್ತು ಮರಳಿನಲ್ಲಿ ಕಳೆದುಹೋದವರೆಂದು ತಿರಸ್ಕರಿಸಿದ್ದಾರೆ. ಅಮೆರಿಕದ ವಿಮರ್ಶಕ ಆಂಡ್ರ್ಯೂ ಸ್ಯಾರಿಸ್ 1968ರಲ್ಲಿ ನಿರ್ದೇಶಕರನ್ನೆಲ್ಲ ವರ್ಗಗಳಾಗಿ ವಿಂಗಡಿಸಿದಾಗ ಲೀನ್ ಅವರನ್ನು ಹಾಕಿದ್ದು ಕಣ್ಣಿಗೆ ಕಾಣುವಷ್ಟು ಸತ್ವವಿಲ್ಲದವರ ಸಾಲಿಗೆ. ‘ರಯಾನ್ಸ್ ಡಾಟರ್’ 1970ರಲ್ಲಿ ಬಿಡುಗಡೆಯಾದಾಗ ನ್ಯೂಯಾರ್ಕಿನ ಅಲ್ಗಾಂಕ್ವಿನ್ ಹೋಟೆಲಿನಲ್ಲಿ ವಿಮರ್ಶಕರ ಸಂಘದವರು ಅವರನ್ನು ಕೂರಿಸಿಕೊಂಡು, ‘ಬ್ರೀಫ್ ಎನ್‌ಕೌಂಟರ್’ ಮಾಡಿದ ವ್ಯಕ್ತಿ ಇಂಥದ್ದನ್ನು ಹೇಗೆ ಮಾಡಿದಿರಿ ಎಂದು ಮುಖಕ್ಕೆ ಹೊಡೆದಂತೆ ಕೇಳಿದರು. ಅದಾದ ಮೇಲೆ ಮುಂದಿನ ಚಿತ್ರ ತೆರೆಗೆ ಬರಲು ಹದಿನಾಲ್ಕು ವರ್ಷ ಹಿಡಿಯಿತು. ಅರವತ್ತೆರಡರಿಂದ ಎಪ್ಪತ್ತಾರರ ವಯಸ್ಸಿನ ನಡುವಿನ ಆ ಹದಿನಾಲ್ಕು ವರ್ಷ ಒಬ್ಬ ನಿರ್ದೇಶಕನ ಬದುಕಿನಲ್ಲಿ ಎಷ್ಟು ಬೆಲೆಬಾಳುವಂಥದ್ದೆಂದು ಯೋಚಿಸಿದರೆ, ಮೌಲ್ಯಮಾಪನ ಎಂಬುದು ನಿರಪಾಯಕಾರಿ ಆಟವಲ್ಲ ಎಂದು ತಿಳಿಯುತ್ತದೆ.

ನನ್ನ ನಿಲುವು ಇಷ್ಟು: ಲೀನ್ ಒಬ್ಬರೇ, ಮತ್ತು ಆ ಒಬ್ಬರು ಮೊದಲಿನಿಂದ ಕೊನೆಯವರೆಗೂ ಸಂಕಲನಕಾರ. 1908ರಲ್ಲಿ ಕ್ರಾಯ್ಡನ್ನಿನಲ್ಲಿ, ಸಿನಿಮಾ ನೋಡುವುದನ್ನು ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆತನದಲ್ಲಿ ಹುಟ್ಟಿದ ಅವರು ಹತ್ತೊಂಬತ್ತರ ಹರೆಯದಲ್ಲಿ ಗೌಮಾಂಟ್ ಸ್ಟುಡಿಯೊ ಸೇರಿ ಚಹಾ ತರುವುದರಿಂದ ಕೆಲಸ ಆರಂಭಿಸಿದರು. ಸುದ್ದಿಚಿತ್ರಗಳನ್ನು ಕತ್ತರಿಸಿ ಜೋಡಿಸುತ್ತ ಕಲಿತರು. 1938ರ ‘ಪಿಗ್ಮೇಲಿಯನ್’, 1941ರ ‘ಫಾರ್ಟಿನೈನ್ತ್ ಪ್ಯಾರಲಲ್’ ಹೊತ್ತಿಗೆ ಬ್ರಿಟನ್ನಿನ ಅತ್ಯುತ್ತಮ ಸಂಕಲನಕಾರರಲ್ಲಿ ಒಬ್ಬರೆನಿಸಿದ್ದರು. ಯಾವ ಕ್ಷಣದಲ್ಲಿ ನೋಟವನ್ನು ತಡೆಯಬೇಕು, ಯಾವ ಕ್ಷಣದಲ್ಲಿ ಬಿಟ್ಟುಕೊಡಬೇಕು ಎಂಬುದೇ ಅವರ ಭಾಷೆ. ಆ ಭಾಷೆಯಲ್ಲಿ ಅವರು ಮತ್ತೆಮತ್ತೆ ಹೇಳಿದ ಕಥೆಯೂ ಹೆಚ್ಚುಕಡಿಮೆ ಒಂದೇ: ತನ್ನ ಮಿತಿಯೊಳಗೆ ಬದುಕುತ್ತಿದ್ದ ಒಬ್ಬ ವ್ಯಕ್ತಿ ಒಂದು ಆಸೆಯ ಸೆಳೆತಕ್ಕೆ ಸಿಕ್ಕಿ ಗೆರೆ ದಾಟುತ್ತಾನೆ ಅಥವಾ ದಾಟುತ್ತಾಳೆ, ಆಮೇಲೆ ಹಿಂತಿರುಗಬೇಕಾಗುತ್ತದೆ, ಅಥವಾ ಹಿಂತಿರುಗಲು ದಾರಿಯೇ ಉಳಿದಿರುವುದಿಲ್ಲ. ‘ಬ್ರೀಫ್ ಎನ್‌ಕೌಂಟರ್’ನಲ್ಲಿ ರೈಲು ನಿಲ್ದಾಣದ ಲಾರಾಳ ಕಥೆಯೂ ಅದೇ, ಮರುಭೂಮಿಯ ಲಾರೆನ್ಸನ ಕಥೆಯೂ ಅದೇ. ಆದ್ದರಿಂದ ಎಲ್ಲ ಹದಿನಾರು ಚಿತ್ರಗಳಿಗೂ ಒಂದೇ ಪ್ರಶ್ನೆ ಕೇಳಬಹುದು: ತೆರೆಯ ಮೇಲೆ ಕಾಣುವ ಜಗತ್ತು, ಅದು ಚಹಾದಂಗಡಿಯಾಗಲಿ ಮರಳುಗಾಡಾಗಲಿ, ಆ ವ್ಯಕ್ತಿಯ ಮನಸ್ಸಿನೊಳಗಿಂದ ಕಾಣುತ್ತಿದೆಯೇ, ಅಥವಾ ನಮ್ಮ ಕಣ್ಣಿಗೆ ಔತಣವಾಗಿ ಮಾತ್ರ ಹರಡಿಕೊಂಡಿದೆಯೇ?

ಈ ಪ್ರಶ್ನೆಯ ಬಲ ತಿಳಿಯಲು ‘ದಿಸ್ ಹ್ಯಾಪಿ ಬ್ರೀಡ್’ ಎಂಬ 1944ರ ಚಿತ್ರದ ಒಂದು ದೃಶ್ಯ ಸಾಕು. ಲಂಡನ್ನಿನ ಕೆಳಮಧ್ಯಮ ವರ್ಗದ ಮನೆ. ಮಗ ಮತ್ತು ಸೊಸೆ ಅಪಘಾತದಲ್ಲಿ ಸತ್ತ ಸುದ್ದಿ ಹೊತ್ತು ಮಗಳು ಬರುತ್ತಾಳೆ. ತಂದೆತಾಯಿ ಹಿತ್ತಿಲ ತೋಟದಲ್ಲಿದ್ದಾರೆ. ಅವಳು ಅಲ್ಲಿಗೆ ಹೋಗುತ್ತಾಳೆ. ಕ್ಯಾಮೆರಾ ಅವಳನ್ನು ಹಿಂಬಾಲಿಸುವುದಿಲ್ಲ. ಅದು ಖಾಲಿ ಊಟದ ಕೋಣೆಯಲ್ಲೇ ಉಳಿಯುತ್ತದೆ. ರೇಡಿಯೊದಲ್ಲಿ ಕುಣಿತದ ಸಂಗೀತ ಬರುತ್ತಿರುತ್ತದೆ. ಯಾರೂ ಇಲ್ಲದ ಕೋಣೆಯನ್ನು ನೋಡುತ್ತ ನಾವು ಕಾಯುತ್ತೇವೆ, ಬಹಳ ಹೊತ್ತಾದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಒಳಗೆ ಬರುತ್ತಾರೆ. ಸಾವಿನ ಸುದ್ದಿ ಕೇಳಿದ ತಾಯಿಯ ಮುಖವನ್ನು ತೋರಿಸುವ ಅವಕಾಶವನ್ನು ಕೈಬಿಟ್ಟವರಿಗೆ ಮಾತ್ರ ಸಾಧ್ಯವಾಗುವ ದುಃಖ ಅದು. ‘ಆಲಿವರ್ ಟ್ವಿಸ್ಟ್’ನಲ್ಲಿ ಸೈಕ್ಸ್ ನ್ಯಾನ್ಸಿಯನ್ನು ಕೊಲ್ಲುವಾಗಲೂ ಹೀಗೆಯೇ: ಹೊಡೆತ ಕಾಣುವುದಿಲ್ಲ, ಹೊರಗೆ ಹೋಗಲು ಬಾಗಿಲನ್ನು ಪರಚುತ್ತಿರುವ ಅವನ ನಾಯಿ ಕಾಣುತ್ತದೆ.

ಈ ಕೋಲಿನಿಂದ ಅಳೆದರೆ ನನ್ನ ಪಟ್ಟಿಯ ತುದಿಯಲ್ಲಿ ನಿಲ್ಲುವುದು ‘ಬ್ರೀಫ್ ಎನ್‌ಕೌಂಟರ್’. ನೋಯೆಲ್ ಕವರ್ಡ್ ಅವರ ಏಕಾಂಕ ನಾಟಕವನ್ನು ಆಧರಿಸಿ, ಯುದ್ಧದ ಕೊನೆಯ ತಿಂಗಳುಗಳಲ್ಲಿ, ಲ್ಯಾಂಕಾಷೈರಿನ ಕಾರ್ನ್‌ಫೋರ್ತ್ ನಿಲ್ದಾಣದಲ್ಲಿ ರಾತ್ರಿಗಳಲ್ಲಿ ಚಿತ್ರೀಕರಿಸಿದ ಈ ಚಿತ್ರದ ಕಥೆಯನ್ನು ಎರಡು ಸಾಲಿನಲ್ಲಿ ಹೇಳಿಬಿಡಬಹುದು. ಗೃಹಿಣಿಯೊಬ್ಬಳು ಪ್ರತಿ ಗುರುವಾರ ಪೇಟೆಗೆ ಬರುತ್ತಾಳೆ, ಅಲ್ಲಿ ವೈದ್ಯನೊಬ್ಬನ ಪರಿಚಯವಾಗುತ್ತದೆ, ಪ್ರೀತಿಯಾಗುತ್ತದೆ, ಇಬ್ಬರಿಗೂ ಸಂಸಾರವಿದೆ, ಅವರು ಬೇರೆಯಾಗುತ್ತಾರೆ. ಆದರೆ ಲೀನ್ ಈ ಕಥೆಯನ್ನು ಕೊನೆಯ ಭೇಟಿಯಿಂದಲೇ ಶುರು ಮಾಡುತ್ತಾರೆ, ಅದೂ ಅದು ಕೊನೆಯದೆಂದು ನಮಗೆ ತಿಳಿಸದೆ. ನಿಲ್ದಾಣದ ಚಹಾದಂಗಡಿಯಲ್ಲಿ ಇಬ್ಬರು ಕೂತಿದ್ದಾರೆ, ವಾಚಾಳಿ ಪರಿಚಿತೆಯೊಬ್ಬಳು ಬಂದು ನಡುವೆ ಕೂರುತ್ತಾಳೆ, ಗಂಡಸು ಎದ್ದು ಹೆಂಗಸಿನ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟು ಹೊರಟುಹೋಗುತ್ತಾನೆ. ನಮಗೆ ಅದು ಏನೂ ಅಲ್ಲ. ಆಮೇಲೆ ಮನೆಗೆ ಬಂದ ಲಾರಾ, ಪದಬಂಧ ತುಂಬಿಸುತ್ತಿರುವ ಗಂಡನ ಎದುರು ಕೂತು, ಅವನಿಗೆ ಎಂದೂ ಹೇಳಲಾಗದ ಕಥೆಯನ್ನು ಮನಸ್ಸಿನೊಳಗೇ ಅವನಿಗೆ ಹೇಳುತ್ತಾಳೆ. ಇಡೀ ಚಿತ್ರ ಆ ಹೇಳದ ಮಾತು. ಸುತ್ತಿ ಬಂದು ಅದೇ ಚಹಾದಂಗಡಿಗೆ ಮರಳಿದಾಗ, ಅದೇ ಕೈ ಅದೇ ಭುಜದ ಮೇಲೆ ಇಳಿದಾಗ, ಅದರ ಭಾರ ನಮ್ಮ ಭುಜಕ್ಕೆ ತಿಳಿಯುತ್ತದೆ. ಕೈ ಹೋದ ಮೇಲೆ ಎಕ್ಸ್‌ಪ್ರೆಸ್ ರೈಲಿನ ಸದ್ದು ಬರುತ್ತದೆ, ಕ್ಯಾಮೆರಾ ನಿಧಾನವಾಗಿ ಓರೆಯಾಗುತ್ತದೆ, ಅವಳು ಪ್ಲಾಟ್‌ಫಾರ್ಮಿನ ಅಂಚಿಗೆ ಓಡುತ್ತಾಳೆ, ಹಾದುಹೋಗುವ ಬೋಗಿಗಳ ಕಿಟಕಿ ಬೆಳಕು ಲಾರಾ ಪಾತ್ರದ ಸೀಲಿಯಾ ಜಾನ್ಸನ್ ಅವರ ಮುಖದ ಮೇಲೆ ಬಡಿಯುತ್ತದೆ. ಅವಳು ಹಾರುವುದಿಲ್ಲ. ಒಂದು ದೃಶ್ಯವನ್ನು ಎರಡು ಸಲ ತೋರಿಸಿ, ಮೊದಲ ಸಲ ನಾವು ಏನನ್ನೂ ನೋಡಿರಲಿಲ್ಲ ಎಂದು ಅರಿವು ಮಾಡಿಸುವ ಈ ಕೆಲಸ ಸಂಕಲನಕಾರನ ಮನಸ್ಸಿನಿಂದ ಮಾತ್ರ ಬರಬಲ್ಲದು. ಎಂಬತ್ತಾರು ನಿಮಿಷಗಳ ಈ ಚಿತ್ರದಲ್ಲಿ ತೆಗೆದುಹಾಕಬೇಕೆನ್ನಿಸುವ ನಿಮಿಷ ನನಗೆ ಸಿಕ್ಕಿಲ್ಲ. ಅಂಥ ಹೊತ್ತಿನಲ್ಲಿ ಬಂಡಾಯವೇ ಸರಿ, ಮರಳಿ ಹೋಗುವುದು ಹೇಡಿತನ ಎಂದು ಆಕ್ಷೇಪಿಸುವ ಕಿರಿಯ ಗೆಳೆಯರಿದ್ದಾರೆ. ಚಿತ್ರ ಮರಳುವುದನ್ನು ಹೊಗಳುವುದಿಲ್ಲ, ಅದರ ಬೆಲೆ ಎಷ್ಟೆಂದು ಲೆಕ್ಕ ಒಪ್ಪಿಸುತ್ತದೆ ಎಂಬುದು ಅವರಿಗೆ ನನ್ನ ಉತ್ತರ.

ಎರಡನೆಯ ಸ್ಥಾನ ‘ಲಾರೆನ್ಸ್ ಆಫ್ ಅರೇಬಿಯಾ’ದ್ದು, ಮತ್ತು ಮೊದಲನೆಯದಕ್ಕೂ ಇದಕ್ಕೂ ನಡುವಿನ ಅಂತರ ಕೂದಲೆಳೆಯಷ್ಟು. ಮೊದಲ ಮಹಾಯುದ್ಧದಲ್ಲಿ ಅರಬ್ಬರ ಜತೆ ಸೇರಿ ತುರ್ಕರ ವಿರುದ್ಧ ಹೋರಾಡಿದ ಬ್ರಿಟಿಷ್ ಅಧಿಕಾರಿಯ ಕಥೆಯಾದ 1962ರ ಈ ಚಿತ್ರವನ್ನು ಅದರ ಗಾತ್ರಕ್ಕಾಗಿ ಹೊಗಳುವವರು ಅದಕ್ಕೆ ಅನ್ಯಾಯ ಮಾಡುತ್ತಾರೆ. ಎಲ್ಲರೂ ನೆನಪಿಡುವ ಬೆಂಕಿಕಡ್ಡಿಯ ಕಟ್ ಅನ್ನೇ ನೋಡಿ. ಕೈರೊದ ಕಚೇರಿಯಲ್ಲಿ ಲಾರೆನ್ಸ್ ಉರಿಯುವ ಕಡ್ಡಿಯನ್ನು ಊದುತ್ತಾನೆ, ಮರುಕ್ಷಣ ತೆರೆಯ ತುಂಬ ಮರುಭೂಮಿಯ ದಿಗಂತ, ಸೂರ್ಯ ಇನ್ನೂ ಮೂಡಬೇಕು. ಚಿತ್ರಕಥೆಯಲ್ಲಿ ಇದು ಒಂದು ಚಿತ್ರಿಕೆ ಕರಗಿ ಇನ್ನೊಂದು ಮೂಡುವ ಡಿಸಾಲ್ವ್ ಆಗಿತ್ತು. ಸಂಕಲನದ ಮೇಜಿನ ಮೇಲೆ ಎರಡು ತುಣುಕುಗಳನ್ನು ನೇರವಾಗಿ ಅಂಟಿಸಿ ನೋಡಿದಾಗ ಅದೇ ಸರಿಯೆಂದು ಸಂಕಲನಕಾರ್ತಿ ಆ್ಯನ್ ಕೋಟ್ಸ್ ಮತ್ತು ಲೀನ್ ಇಬ್ಬರಿಗೂ ಕಂಡಿತು. ಇದರ ಹಿಂದಿನ ದೃಶ್ಯವೊಂದರಲ್ಲಿ ಲಾರೆನ್ಸ್ ಕಡ್ಡಿಯನ್ನು ಬೆರಳುಗಳಿಂದಲೇ ಹೊಸಕಿ ಆರಿಸಿ, ನೋವಾಗುತ್ತದೆ ಆದರೆ ನೋವನ್ನು ಲೆಕ್ಕಿಸದಿರುವುದೇ ಗುಟ್ಟು ಎಂಬರ್ಥದ ಮಾತಾಡಿರುತ್ತಾನೆ. ಆದ್ದರಿಂದ ಈ ಕಟ್ ಊರಿಂದೂರಿಗೆ ಹೋಗುವ ಕಟ್ ಅಲ್ಲ. ತನ್ನನ್ನು ತಾನೇ ಸುಟ್ಟುಕೊಳ್ಳುವ ಆಸೆಯೊಂದು ತನಗೆ ತಕ್ಕ ಭೂಮಿಯನ್ನು ಕಂಡುಕೊಂಡ ಕ್ಷಣ ಅದು. ಅರಬ್ ನಾಯಕ ಶರೀಫ್ ಅಲಿ ಮರೀಚಿಕೆಯೊಳಗಿಂದ ಕಪ್ಪು ಚುಕ್ಕೆಯಾಗಿ ಹುಟ್ಟಿ ಬರುವ ದೃಶ್ಯದಲ್ಲೂ ಫ್ರೆಡ್ಡಿ ಯಂಗ್ ಅವರ ಛಾಯಾಗ್ರಹಣದಷ್ಟೇ ಮುಖ್ಯವಾದದ್ದು ಲೀನ್ ನಮ್ಮನ್ನು ಕಾಯಿಸುವ ರೀತಿ.

ಲಾರೆನ್ಸನ ಅರಬ್ ಸಂಗಡಿಗ ಗಾಸಿಮನ ಪ್ರಸಂಗವಂತೂ ಇಡೀ ಚಿತ್ರದ ಬೆನ್ನೆಲುಬು. ಆ ಪಾತ್ರ ಮಾಡಿದವರು ನಮ್ಮ ಹಿಂದಿ ಚಿತ್ರರಂಗದ ಐ.ಎಸ್. ಜೋಹರ್ ಎಂಬುದು ಅನೇಕರಿಗೆ ಗೊತ್ತಿಲ್ಲ. ಮರುಭೂಮಿಯಲ್ಲಿ ಉಳಿದುಹೋದ ಅವನನ್ನು ಎಲ್ಲರ ಮಾತು ಮೀರಿ ಲಾರೆನ್ಸ್ ಹಿಂದಿರುಗಿ ಉಳಿಸಿ ತರುತ್ತಾನೆ, ವಿಧಿ ಬರೆದದ್ದನ್ನು ಅಳಿಸಿದೆನೆಂದು ಬೀಗುತ್ತಾನೆ; ಆಮೇಲೆ ಕುಲವೈರ ಸಿಡಿಯದಂತೆ ತಡೆಯಲು ಅದೇ ಗಾಸಿಮನನ್ನು ತನ್ನ ಕೈಯಾರೆ ಗುಂಡಿಟ್ಟು ಕೊಲ್ಲಬೇಕಾಗುತ್ತದೆ. ಕೊಂದದ್ದಕ್ಕಿಂತ ಭಯಂಕರವಾದದ್ದು ಕೊಲ್ಲುವಾಗ ಹಿತವೆನಿಸಿತು ಎಂಬ ಅವನ ತಪ್ಪೊಪ್ಪಿಗೆ. ಸುಮಾರು ನಾಲ್ಕು ಗಂಟೆಯ ಚಿತ್ರ ಇಷ್ಟು ಒಳಗಿನ ಮಾತನ್ನು ಆಡುತ್ತದೆ. ಹಾಗಾದರೆ ಎರಡನೆಯದೇಕೆ? ವಿರಾಮದ ನಂತರದ ಭಾಗ ಮೊದಲ ಭಾಗದಷ್ಟು ಬಿಗಿಯಾಗಿಲ್ಲ ಎಂಬುದು ಒಂದು ಕಾರಣ. ಅರಬ್ಬರ ಮುಖ್ಯ ಪಾತ್ರಗಳಿಗೆ ಅಲೆಕ್ ಗಿನ್ನೆಸ್ ಮತ್ತು ಆಂಟನಿ ಕ್ವಿನ್ ಬಣ್ಣ ಬಳಿದುಕೊಂಡು ಬರುತ್ತಾರೆ, ಡಮಾಸ್ಕಸ್ಸಿನ ಅರಬ್ ಸಭೆಯನ್ನು ಜಗಳಗಂಟರ ಸಂತೆಯಾಗಿ ತೋರಿಸಲಾಗಿದೆ, ಇಡೀ ಚಿತ್ರದಲ್ಲಿ ಮಾತಾಡುವ ಹೆಣ್ಣು ಪಾತ್ರವೊಂದಿಲ್ಲ ಎಂಬುದು ಇನ್ನೊಂದು. ಇವನ್ನೆಲ್ಲ ಆ ಕಾಲದ ರೂಢಿ ಎಂದು ತಳ್ಳಿಹಾಕುವ ಅಭ್ಯಾಸವನ್ನು ನಾವು ಬಿಡಬೇಕು.

ಇದೇ ಮಾತನ್ನು ‘ಕ್ವಾಯ್’ ಕುರಿತು ಇನ್ನೂ ಗಟ್ಟಿಯಾಗಿ ಹೇಳಬೇಕಾಗಿದೆ. ಜಪಾನೀಯರ ಸೆರೆಯಲ್ಲಿದ್ದು ಶತ್ರುವಿಗಾಗಿ ಸೇತುವೆ ಕಟ್ಟುತ್ತ ಆ ಕೆಲಸದ ಹೆಮ್ಮೆಯಲ್ಲಿ ಯುದ್ಧವನ್ನೇ ಮರೆಯುವ ಕರ್ನಲ್ ನಿಕಲ್ಸನ್, ಲೀನ್ ಅವರ ಅತ್ಯುತ್ತಮ ಪಾತ್ರಸೃಷ್ಟಿಗಳಲ್ಲಿ ಒಂದು. ಕೊನೆಗೆ ತಾನು ಮಾಡಿದ್ದೇನೆಂದು ಅವನಿಗೆ ಹೊಳೆಯುವ ಆ ಕ್ಷಣದ ಗಿನ್ನೆಸ್ ಮುಖಕ್ಕೆ ಸಿಕ್ಕ ಆಸ್ಕರ್ ನ್ಯಾಯವಾದದ್ದೇ. ಕಮ್ಯುನಿಸ್ಟರೆಂಬ ಶಂಕೆಯ ಮೇಲೆ ಕೆಲಸ ನಿರಾಕರಿಸುತ್ತಿದ್ದ ಅಮೆರಿಕದ ಕಪ್ಪುಪಟ್ಟಿಯಲ್ಲಿದ್ದ ಕಾರಣಕ್ಕೆ ನಿಜವಾದ ಚಿತ್ರಕಥೆಗಾರರಾದ ಕಾರ್ಲ್ ಫೋರ್‌ಮನ್ ಮತ್ತು ಮೈಕೆಲ್ ವಿಲ್ಸನ್ ಹೆಸರು ಮರೆಯಾಗಿ, ಅವರಿಗೆ ಸಲ್ಲಬೇಕಾದ ಪ್ರಶಸ್ತಿ ಇಬ್ಬರೂ ತೀರಿಕೊಂಡ ಮೇಲೆ ಸಂದಿತು ಎಂಬ ಕಥೆಯನ್ನು ಚಿತ್ರದ ಜತೆಗೇ ಹೇಳಬೇಕು. ಆದರೆ ಸಿಲೋನಿನ ಕಿತುಲ್‌ಗಲದಲ್ಲಿ ಚಿತ್ರೀಕರಿಸಿದ ಈ ಚಿತ್ರ ನಂಬಿಸುವಂತೆ, ಆ ರೈಲುಮಾರ್ಗವನ್ನು ಕಟ್ಟಿದವರು ಬ್ರಿಟಿಷ್ ಸೈನಿಕರಷ್ಟೇ ಅಲ್ಲ. ಸಿಯಾಂ-ಬರ್ಮಾ ಮಾರ್ಗದಲ್ಲಿ ಸತ್ತ ಮಿತ್ರರಾಷ್ಟ್ರಗಳ ಯುದ್ಧಕೈದಿಗಳು ಸುಮಾರು 12,000. ಸತ್ತ ಏಷ್ಯಾದ ಕೂಲಿಗಳು, ಮಲಯದ ರಬ್ಬರ್ ತೋಟಗಳಿಂದ ಎಳೆದೊಯ್ದ ತಮಿಳರೂ ಸೇರಿ, ಅದಕ್ಕಿಂತ ಹಲವು ಪಟ್ಟು ಹೆಚ್ಚು. ಅವರು ಚಿತ್ರದಲ್ಲಿ ಕಾಣುವುದೇ ಇಲ್ಲ. ಮೊದಲ ಐದರೊಳಗೆ ಇದನ್ನು ಇಡುತ್ತೇನೆ, ಆದರೆ ಈ ಕೊರತೆಯನ್ನು ಹೇಳದೆ ಇಡಲಾರೆ.

ಮೂರನೆಯ ಸ್ಥಾನಕ್ಕೆ ನನ್ನ ಆಯ್ಕೆ 1946ರ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’. ಜೌಗುನೆಲದ ಅಂಚಿನಲ್ಲಿ ಓಡುವ ಹುಡುಗ ಪಿಪ್, ಗಾಳಿಗೆ ಕಿರುಗುಟ್ಟುವ ಮರ, ಸ್ಮಶಾನ, ಇದ್ದಕ್ಕಿದ್ದಂತೆ ಅವನನ್ನು ಹಿಡಿಯುವ ಕೈದಿ: ಮಗುವಿನ ಭಯ ಎಷ್ಟು ಎತ್ತರದಲ್ಲಿರುತ್ತದೋ ಕ್ಯಾಮೆರಾ ಅಷ್ಟೇ ಎತ್ತರದಲ್ಲಿದೆ. ಛಾಯಾಗ್ರಹಣಕ್ಕೂ ಕಲಾನಿರ್ದೇಶನಕ್ಕೂ ಆಸ್ಕರ್ ಬಂದದ್ದು ಇಲ್ಲಿ ಅಲಂಕಾರಕ್ಕಲ್ಲ, ಅರ್ಥಕ್ಕೆ. ಪಿಪ್ ದೊಡ್ಡವನಾದ ಮೇಲೆ ಚಿತ್ರ ತುಸು ತಣ್ಣಗಾಗುತ್ತದೆ, ಒಪ್ಪುತ್ತೇನೆ. ಎರಡು ವರ್ಷದ ನಂತರದ ‘ಆಲಿವರ್ ಟ್ವಿಸ್ಟ್’ ಕೆಲವು ಕಡೆ ಇದಕ್ಕಿಂತಲೂ ಕತ್ತಲಾದದ್ದು, ಧೈರ್ಯದ್ದು. ಆದರೆ ಕಳ್ಳ ಹುಡುಗರ ಯಹೂದಿ ಯಜಮಾನ ಫೇಗಿನ್ ಪಾತ್ರದ ಗಿನ್ನೆಸ್‌ಗೆ ಅಂಟಿಸಿದ ಆ ಮೂಗು, ಯೂರೋಪಿನ ಯಹೂದಿಗಳ ಹತ್ಯಾಕಾಂಡ ಮುಗಿದ ಮೂರೇ ವರ್ಷಕ್ಕೆ ತೆರೆಗೆ ಬಂದದ್ದನ್ನು ಕ್ಷಮಿಸುವುದು ಕಷ್ಟ. 1949ರಲ್ಲಿ ಬರ್ಲಿನ್ನಿನಲ್ಲಿ ಅದರ ಪ್ರದರ್ಶನದ ವಿರುದ್ಧ ಜನ ಬೀದಿಗಿಳಿದರು. ಅಮೆರಿಕದಲ್ಲಿ 1951ರವರೆಗೆ ಅದು ಬಿಡುಗಡೆಯಾಗಲಿಲ್ಲ, ಆದಾಗಲೂ ಕತ್ತರಿ ಬಿದ್ದಿತ್ತು.

ಇನ್ನು ನಮ್ಮ ಪ್ರದರ್ಶನಗಳಲ್ಲಿ ಹೆಸರೇ ಕೇಳಿಬರದ ಮೂರು ಚಿತ್ರಗಳು. 1955ರ ‘ಸಮ್ಮರ್‌ಟೈಮ್’ ಲೀನ್ ಅವರಿಗೇ ಬಹಳ ಪ್ರಿಯವಾಗಿದ್ದ ಚಿತ್ರ, ಮತ್ತು ನನ್ನ ನಾಲ್ಕನೆಯದು. ಅಮೆರಿಕದ ಮಧ್ಯವಯಸ್ಸಿನ ಕಾರ್ಯದರ್ಶಿಯೊಬ್ಬಳು ವರ್ಷಗಟ್ಟಲೆ ಹಣ ಕೂಡಿಟ್ಟು ವೆನಿಸ್ ನೋಡಲು ಬಂದಿದ್ದಾಳೆ. ಚೌಕದ ಕೆಫೆಯಲ್ಲಿ ಒಂಟಿಯಾಗಿ ಕೂತವಳು, ಯಾರೋ ಬರುವವರಿದ್ದಾರೆಂದು ನೋಡುವವರಿಗೆ ಅನಿಸಲಿ ಎಂದು ಪಕ್ಕದ ಕುರ್ಚಿಯನ್ನು ಮೇಜಿಗೆ ಒರಗಿಸಿಡುತ್ತಾಳೆ. ಕ್ಯಾಥರೀನ್ ಹೆಪ್ಬರ್ನ್ ಮಾಡುವ ಆ ಒಂದು ಕ್ರಿಯೆಯಲ್ಲಿರುವ ಒಂಟಿತನ ಎಷ್ಟೋ ಪುಟಗಳ ಸಂಭಾಷಣೆಗೆ ಸಮ. ಇಲ್ಲಿ ವೆನಿಸ್ ನಗರ ಪ್ರವಾಸಿಯ ಪೋಸ್ಟ್‌ಕಾರ್ಡಿನಂತೆ ಕಾಣುತ್ತದೆ ಎಂದು ದೂರುವವರಿಗೆ, ಅವಳು ಪ್ರವಾಸಿಯೇ ತಾನೆ, ಅವಳ ಕಣ್ಣಿಗೆ ಅದು ಹಾಗೆಯೇ ಕಾಣಬೇಕು ಎನ್ನುತ್ತೇನೆ. 1954ರ ‘ಹಾಬ್ಸನ್ಸ್ ಚಾಯ್ಸ್’ ಬರ್ಲಿನ್ ಚಿತ್ರೋತ್ಸವದಲ್ಲಿ ಚಿನ್ನದ ಕರಡಿ ಪ್ರಶಸ್ತಿ ಪಡೆದ ಹಾಸ್ಯಚಿತ್ರ. ಸಾಲ್ಫರ್ಡ್ ಪಟ್ಟಣದ ಬೂಟಿನಂಗಡಿಯ ದರ್ಪಿಷ್ಠ ಅಪ್ಪ, ಮದುವೆಯ ವಯಸ್ಸು ಮೀರಿತೆಂದು ಅವನು ತೀರ್ಮಾನಿಸಿದ ಹಿರಿಯ ಮಗಳು ಮ್ಯಾಗಿ, ನೆಲಮಾಳಿಗೆಯಲ್ಲಿ ಬೂಟು ಹೊಲಿಯುವ ಅಂಜುಬುರುಕ ವಿಲ್ಲಿ. ಮ್ಯಾಗಿಯೇ ವಿಲ್ಲಿಯನ್ನು ಆರಿಸಿ, ಮದುವೆಯಾಗಿ, ಮನುಷ್ಯನನ್ನಾಗಿ ಮಾಡುತ್ತಾಳೆ. ಗಡಿ ದಾಟಿದ ವ್ಯಕ್ತಿ ಸೋಲದೆ ಗೆಲ್ಲುವುದು ಲೀನ್ ಅವರ ಕೆಲಸದಲ್ಲಿ ಅಪರೂಪ, ಗೆದ್ದವಳು ಹೆಣ್ಣು ಎಂಬುದು ಇನ್ನೂ ಅಪರೂಪ. ಕುಡಿದ ಹಾಬ್ಸನ್ ಬೀದಿಯ ನೀರುಗುಂಡಿಗಳಲ್ಲಿ ಚಂದ್ರನ ಬಿಂಬವನ್ನು ಬೆನ್ನಟ್ಟುವ ದೃಶ್ಯವನ್ನು ನಮ್ಮ ಪ್ರೇಕ್ಷಕರು ಒಮ್ಮೆಯಾದರೂ ದೊಡ್ಡ ತೆರೆಯ ಮೇಲೆ ನೋಡಬೇಕು. 1949ರ ‘ದಿ ಪ್ಯಾಷನೇಟ್ ಫ್ರೆಂಡ್ಸ್’ನಲ್ಲಿ, ನಾಟಕಕ್ಕೆ ಹೋಗುತ್ತೇವೆಂದು ಹೊರಟ ಹೆಂಡತಿ ಮತ್ತು ಅವಳ ಹಳೆಯ ಪ್ರಿಯಕರ ಮನೆಯಲ್ಲೇ ಮರೆತುಹೋದ ಟಿಕೆಟ್ಟುಗಳು ಗಂಡನ ಕಣ್ಣಿಗೆ ಬೀಳುತ್ತವೆ, ಅವರು ಮರಳಿದಾಗ ಅವನು ಮೆಲ್ಲಗೆ, ನಾಟಕ ಹೇಗಿತ್ತು ಎಂದು ವಿಚಾರಿಸುತ್ತಾನೆ. ಕ್ಲಾಡ್ ರೇನ್ಸ್ ಅವರ ಆ ಸೌಜನ್ಯದಲ್ಲಿರುವ ಗಾಯ ‘ಜಿವಾಗೊ’ದ ಮೂರು ಗಂಟೆಗಳಲ್ಲಿ ಎಲ್ಲಿಯೂ ಇಲ್ಲ.

‘ಡಾಕ್ಟರ್ ಜಿವಾಗೊ’ವನ್ನು ಪ್ರೀತಿಸುವವರ ಮನಸ್ಸು ನೋಯಿಸುವುದು ನನ್ನ ಉದ್ದೇಶವಲ್ಲ. ತಾಯಿಯ ಶವಪೆಟ್ಟಿಗೆ ಮಣ್ಣಿಗಿಳಿಯುವಾಗ ಒಳಗೆ ಮಲಗಿರುವ ಅವಳನ್ನು ಹುಡುಗ ಕಲ್ಪಿಸಿಕೊಳ್ಳುವ ಆರಂಭದ ಭಾಗ ಲೀನ್ ಅವರ ಶ್ರೇಷ್ಠ ಮಟ್ಟದ್ದೇ. ಆದರೆ ಆಮೇಲೆ ಕವಿಯೆಂದು ಹೇಳಲಾದ ನಾಯಕನ ಒಂದು ಕವಿತೆಯೂ ನಮ್ಮ ಕಿವಿಗೆ ಬೀಳುವುದಿಲ್ಲ. ಅವನು ಕಿಟಕಿಗಳಿಂದ ಹೊರಗೆ ನೋಡುತ್ತಾನೆ, ನಾವು ಸ್ಪೇನಿನಲ್ಲಿ ಮೇಣದಿಂದ ಕಟ್ಟಿದ ಹಿಮದರಮನೆಯನ್ನು ನೋಡುತ್ತೇವೆ. ಅತಿ ಹೆಚ್ಚು ಹಣ ಗಳಿಸಿದ ಲೀನ್ ಚಿತ್ರ ಇದು ಎಂಬುದು ನಿರ್ಮಾಪಕರಿಗೆ ಮುಖ್ಯವಾದ ಸಂಗತಿ. ‘ರಯಾನ್ಸ್ ಡಾಟರ್’ ಇದಕ್ಕಿಂತ ಪ್ರಾಮಾಣಿಕ ಎಂಬುದು ನನ್ನ ಅಭಿಪ್ರಾಯ. ಐರ್ಲೆಂಡಿನ ಡಿಂಗಲ್ ಕರಾವಳಿಯ ಆ ಬಿರುಗಾಳಿ ಕಥೆಗೆ ಮೀರಿದ ಗಾತ್ರದ್ದು, ನಿಜ. ಆದರೆ ತನ್ನಿಂದಾಗದ್ದನ್ನು ಮೌನವಾಗಿ ಅರಿತ ಶಾಲಾ ಮೇಷ್ಟರ ಪಾತ್ರದಲ್ಲಿ ರಾಬರ್ಟ್ ಮಿಚಮ್ ತೋರುವ ಘನತೆಯನ್ನು ನೋಡಿದರೆ, ನ್ಯೂಯಾರ್ಕಿನ ಆ ಹೋಟೆಲಿನಲ್ಲಿ ಕೂತವರು ಚಿತ್ರವನ್ನು ನಿಜಕ್ಕೂ ನೋಡಿದ್ದರೇ ಎಂಬ ಪ್ರಶ್ನೆ ಏಳುತ್ತದೆ.

ಈಗ ನಮಗೆ ಹತ್ತಿರದ ಚಿತ್ರಕ್ಕೆ ಬರುತ್ತೇನೆ. 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ದಲ್ಲಿ ಕಥೆಯ ಗುಹೆಗಳಿರುವ ಮರಬಾರ್ ಬೆಟ್ಟಗಳು ನಮ್ಮ ಸಾವನದುರ್ಗ ಮತ್ತು ರಾಮನಗರದ ರಾಮದೇವರ ಬೆಟ್ಟ. ಚಿತ್ರ ಆಧರಿಸಿದ ಇ.ಎಂ. ಫಾರ್ಸ್ಟರ್ ಅವರ ಕಾದಂಬರಿಗೆ ಮೂಲವಾದ ಬಿಹಾರದ ಬರಾಬರ್ ಗುಹೆಗಳ ಬೆಟ್ಟ ತೆರೆಗೆ ಸಪ್ಪೆಯೆನಿಸಿ ಲೀನ್ ಇಲ್ಲಿಗೆ ಬಂದರು. ಕಥೆ ನಡೆಯುವ ಚಂದ್ರಾಪುರದ ಪೇಟೆಬೀದಿಗಳನ್ನು ಬೆಂಗಳೂರು ಅರಮನೆಯ ಆವರಣದಲ್ಲಿ ಕಟ್ಟಿಸಿದರು. ಆ ಬಂಡೆಗಳನ್ನು ಬಾಲ್ಯದಿಂದ ನೋಡಿದ ನಮಗೆ ತೆರೆಯ ಮೇಲೆ ಅವನ್ನು ಕಂಡಾಗ ಮೈ ಜುಮ್ಮೆನ್ನುವುದು ಸಹಜ, ನನಗೂ ಆಗಿದೆ. ಆದರೆ ನಮ್ಮ ಬಂಡೆ ಎಂಬ ಕಾರಣಕ್ಕೆ ಚಿತ್ರವನ್ನು ಮೊದಲ ನಾಲ್ಕರೊಳಗೆ ತಂದು ಕೂರಿಸುವುದು ಅಭಿಮಾನವೇ ಹೊರತು ಮೌಲ್ಯಮಾಪನವಲ್ಲ. ಚಿತ್ರಕಥೆ, ನಿರ್ದೇಶನ, ಸಂಕಲನ ಮೂರನ್ನೂ ಲೀನ್ ಒಬ್ಬರೇ ಮಾಡಿದ ಈ ಕೊನೆಯ ಚಿತ್ರದಲ್ಲಿ ಅವರ ಗುಣದೋಷಗಳೆರಡೂ ಶುದ್ಧವಾಗಿ ಕಾಣುತ್ತವೆ. ಇಂಗ್ಲೆಂಡಿನಿಂದ ಬಂದ ಯುವತಿ ಅಡೆಲಾ ಸೈಕಲ್ಲಿನಲ್ಲಿ ಒಂಟಿಯಾಗಿ ಹೋಗಿ ಪಾಳುಗುಡಿಯ ಶೃಂಗಾರ ಶಿಲ್ಪಗಳನ್ನು ನೋಡಿ, ಕಪಿಗಳ ಗುಂಪಿಗೆ ಹೆದರಿ ಓಡಿಬರುವ ದೃಶ್ಯ ಕಾದಂಬರಿಯಲ್ಲಿಲ್ಲ. ಮುಂದೆ ಮರಬಾರ್ ಗುಹೆಯಲ್ಲಿ ಅವಳಿಗೆ ಏನಾಯಿತೆಂಬುದಕ್ಕೆ ಉತ್ತರ ಕೊಡದೆ ಉತ್ತರದ ದಾರಿ ತೋರಿಸುವ ಆ ದೃಶ್ಯ ‘ಬ್ರೀಫ್ ಎನ್‌ಕೌಂಟರ್’ ಮಾಡಿದ ಮನಸ್ಸಿನದೇ. ಪೆಗ್ಗಿ ಆ್ಯಶ್‌ಕ್ರಾಫ್ಟ್ ಅವರ ಮಿಸೆಸ್ ಮೂರ್ ಮರೆಯಲಾಗದ ಪಾತ್ರ. ಆದರೆ ವಿಕ್ಟರ್ ಬ್ಯಾನರ್ಜಿ, ಸಯೀದ್ ಜಾಫ್ರಿಯಂಥವರು ಇದ್ದ ಚಿತ್ರದಲ್ಲಿ ಪ್ರೊಫೆಸರ್ ಗೋಡ್‌ಬೋಲೆಯಾಗಿ ಗಿನ್ನೆಸ್ ಅವರನ್ನು ಮುಖಕ್ಕೆ ಕಂದು ಬಣ್ಣ ಬಳಿದು ಕೂರಿಸಿದ್ದು, ‘ಲಾರೆನ್ಸ್’ ಬಂದು ಇಪ್ಪತ್ತೆರಡು ವರ್ಷಗಳಾದ ಮೇಲೂ ಅದೇ ತಪ್ಪನ್ನು ಮಾಡಿದಂತೆ. ಇನ್ನೂ ದೊಡ್ಡ ನಷ್ಟ ಕೊನೆಯಲ್ಲಿದೆ. ಆಳುವವನಿಗೂ ಆಳಿಸಿಕೊಳ್ಳುವವನಿಗೂ ಸ್ನೇಹ ಇನ್ನೂ ಸಾಧ್ಯವಿಲ್ಲ ಎಂದು ಭೂಮಿ ಆಕಾಶಗಳೇ ಹೇಳುವಂತೆ ಫಾರ್ಸ್ಟರ್ ಮುಗಿಸಿದ್ದ ಕಥೆಯನ್ನು, ಲೀನ್ ರಾಜಿಯ ಪತ್ರದಲ್ಲಿ ಮುಗಿಸುತ್ತಾರೆ. ನನ್ನ ಪಟ್ಟಿಯಲ್ಲಿ ಇದರ ಜಾಗ ಒಂಬತ್ತನೆಯದು.

ಉಳಿದವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ಇನ್ ವಿಚ್ ವಿ ಸರ್ವ್’ ಕವರ್ಡ್ ಅವರ ಚಿತ್ರ, ಲೀನ್ ಅದರಲ್ಲಿ ಕಲಿತರು. ‘ಬ್ಲೈತ್ ಸ್ಪಿರಿಟ್’ ಮಾರ್ಗರೆಟ್ ರುದರ್‌ಫರ್ಡ್ ಅವರಿಗಾಗಿ ನೋಡಬಹುದಾದದ್ದು. ‘ದಿ ಸೌಂಡ್ ಬ್ಯಾರಿಯರ್’ ಆಕಾಶದಲ್ಲಿರುವಾಗ ಚೆನ್ನ, ನೆಲಕ್ಕಿಳಿದಾಗ ಸಾಧಾರಣ. ‘ಮ್ಯಾಡೆಲೀನ್’ ಸುಂದರ, ತಣ್ಣನೆಯ ಚಿತ್ರ.

ನನ್ನ ಕ್ರಮಾಂಕಗಳನ್ನು ನೀವು ಒಪ್ಪಬೇಕೆಂದು ಕೇಳುತ್ತಿಲ್ಲ. ಕೇಳುತ್ತಿರುವುದು ಇಷ್ಟು. ಮುಂದಿನ ಸಲ ಲೀನ್ ಚಿತ್ರಗಳ ಪ್ರದರ್ಶನ ಏರ್ಪಡಿಸುವಾಗ ‘ಬ್ರೀಫ್ ಎನ್‌ಕೌಂಟರ್’ ಮತ್ತು ‘ಲಾರೆನ್ಸ್’ ಎರಡನ್ನೂ ಒಂದೇ ವಾರಾಂತ್ಯದಲ್ಲಿ, ಸಣ್ಣದನ್ನು ಮೊದಲ ಸಂಜೆ, ದೊಡ್ಡದನ್ನು ಮರುದಿನ ಬೆಳಿಗ್ಗೆ ತೋರಿಸಿರಿ. ‘ಲಾರೆನ್ಸ್’ ಬಿಡುಗಡೆಯಾದ ಮೇಲೆ ಅದಕ್ಕೆ ಕತ್ತರಿ ಬಿದ್ದು, 1989ರಲ್ಲಿ ರಾಬರ್ಟ್ ಹ್ಯಾರಿಸ್ ಅವರ ಶ್ರಮದಿಂದ ಅದು ಮತ್ತೆ ಪೂರ್ಣರೂಪ ಪಡೆಯಿತು. ಆ ಪುನರುಜ್ಜೀವಿತ ಪ್ರತಿಯನ್ನೇ ತರಿಸಿ, ಮಧ್ಯಂತರವನ್ನು ಲೀನ್ ಇಟ್ಟಲ್ಲಿಯೇ ಇಟ್ಟು, ಸಿಗುವ ಅತಿ ದೊಡ್ಡ ತೆರೆಯ ಮೇಲೆ ಹಾಕಿರಿ. ‘ಹಾಬ್ಸನ್ಸ್ ಚಾಯ್ಸ್’ ಅಥವಾ ‘ಸಮ್ಮರ್‌ಟೈಮ್’ ಒಂದಕ್ಕಾದರೂ ಜಾಗ ಕೊಡಿರಿ. ‘ಪ್ಯಾಸೇಜ್’ ತೋರಿಸಿದ ಮೇಲೆ ಒಂದು ಗಂಟೆ ಚರ್ಚೆಗೆ ಮೀಸಲಿಟ್ಟು, ಗೋಡ್‌ಬೋಲೆ ಪಾತ್ರದ ಬಗ್ಗೆಯೂ ಬದಲಾದ ಅಂತ್ಯದ ಬಗ್ಗೆಯೂ ಪ್ರೇಕ್ಷಕರು ಮಾತಾಡಲಿ. ಕರಪತ್ರದಲ್ಲಿ ಆಸ್ಕರ್ ಸಂಖ್ಯೆಯ ಜಾಗದಲ್ಲಿ, ಆ ಚಿತ್ರವನ್ನು ಏಕೆ ಆರಿಸಿದಿರೆಂದು ನಿಮ್ಮದೇ ಮಾತಿನ ಎರಡು ವಾಕ್ಯ ಅಚ್ಚು ಹಾಕಿಸಿರಿ. ಕುರ್ಚಿ ಜೋಡಿಸುವುದರಿಂದ ಹಿಡಿದು ಟಿಪ್ಪಣಿ ಬರೆಯುವವರೆಗೆ ಯಾವ ಕೆಲಸಕ್ಕಾದರೂ ನಾನು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಫಿಲ್ಮ್ ಸೊಸೈಟಿಯೊಂದರ ಹಳೆಯ ಸದಸ್ಯ